ಬ್ಲ್ಯಾಕ್ ಫಾರೆಸ್ಟ್‌ನ ಕೊನುಸ್ ಕಾರ್ಡ್: ಟಿಕೆಟ್ ಬಿಟ್ಟಿ, ಬೆಟ್ಟ ಬಿಟ್ಟಿ ಅಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಕೇಕಿನ ವಿಮರ್ಶೆ ಅಲ್ಲ. ಬ್ಲ್ಯಾಕ್ ಫಾರೆಸ್ಟ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಬೇಕರಿ ಗಾಜಿನೊಳಗಿನ ಚೆರ್ರಿ. ನಾನು ಹೇಳುತ್ತಿರುವುದು ಅಸಲಿ ಕಾಡಿನ ಬಗ್ಗೆ. ಜರ್ಮನಿಯ ನೈಋತ್ಯ ಮೂಲೆಯಲ್ಲಿ ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್‌ಗೆ ಮುಖ ಮಾಡಿ ನಿಂತಿರುವ ಶ್ವಾರ್ಟ್ಸ್‌ವಾಲ್ಡ್. ಅಂದರೆ ಕಪ್ಪು ಕಾಡು. ಅಲ್ಲಿ ರಾತ್ರಿ ತಂಗುವವರಿಗೆ ಕೊನುಸ್ ಅಂತ ಒಂದು ಗೆಸ್ಟ್ ಕಾರ್ಡ್ ಕೊಡುತ್ತಾರೆ. ಅದನ್ನು ತೋರಿಸಿದರೆ ಆ ಪ್ರದೇಶದ ಬಸ್ಸು, ಲೋಕಲ್ ರೈಲು ಎಲ್ಲ ಫ್ರೀ. ಸಕಲೇಶಪುರದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಐದು ದಿನ ಅದನ್ನು ಚೆನ್ನಾಗಿ ಅರೆದು ನೋಡಿದ್ದೇನೆ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿಗೆ ಅಪ್ಪ ಅಮ್ಮ ಬಂದಾಗ ಎಲ್ಲಿ ಸುತ್ತಿಸುವುದು ಅಂತ ತಲೆ ಕೆರೆದುಕೊಳ್ಳುವವರು ತುಂಬ ಜನ ಇದ್ದೀರಿ, ಅವರಿಗಾಗಿ ಬರೆಯುತ್ತಿದ್ದೇನೆ.

ಕಾರ್ಡಿನ ವಿಷಯ ಸರಳ. ಈ ಕಾಡಿನ ನೂರಕ್ಕೂ ಹೆಚ್ಚು ಊರುಗಳು ಇದರಲ್ಲಿ ಸೇರಿವೆ. ಆ ಊರುಗಳಲ್ಲಿ ಹೋಟೆಲ್ಲೋ ಮನೆಯೋ ರೈತರ ತೋಟದ ರೂಮೋ ಹಿಡಿದರೆ, ಬಾಡಿಗೆಯ ಜೊತೆ ತಲೆಗೆ ದಿನಕ್ಕೆ ಇಷ್ಟು ಅಂತ ಊರಿನ ಪ್ರವಾಸಿ ತೆರಿಗೆ ಹಾಕುತ್ತಾರೆ. ಕುರ್‌ಟಾಕ್ಸೆ ಅಂತ ಅದರ ಹೆಸರು. ಅದು ಹೇಗೂ ಕಟ್ಟಲೇಬೇಕು. ಆ ದುಡ್ಡಿನಲ್ಲೇ ಒಂದು ಪಾಲು ಬಸ್ಸು ರೈಲಿನವರಿಗೆ ಹೋಗುತ್ತದೆ, ನಿಮ್ಮ ಕೈಗೆ ಕಾರ್ಡ್ ಬರುತ್ತದೆ. ಎರಡನೇ ದರ್ಜೆ ಮಾತ್ರ. ಐಸಿಇ, ಐಸಿ ತರಹದ ದೂರದ ರೈಲುಗಳಲ್ಲಿ ನಡೆಯುವುದಿಲ್ಲ. ರೋಪ್‌ವೇ, ದೋಣಿ, ಮ್ಯೂಸಿಯಂ ಇದರಲ್ಲಿ ಬರುವುದಿಲ್ಲ. ಅದಕ್ಕೆ ದಕ್ಷಿಣ ಭಾಗದಲ್ಲಿ ಹೋಖ್‌ಶ್ವಾರ್ಟ್ಸ್‌ವಾಲ್ಡ್ ಕಾರ್ಡ್ ಅಂತ ಬೇರೆಯೇ ಇದೆ, ಎರಡನ್ನೂ ಒಂದೇ ಅಂದುಕೊಂಡು ಗೇಟಿನ ಹತ್ತಿರ ಜಗಳಕ್ಕೆ ನಿಲ್ಲಬೇಡಿ.

ಇಲ್ಲಿ ವಾಸ ಇರುವ ನಮ್ಮಂಥವರ ಹತ್ತಿರ ಇಡೀ ದೇಶದ ಬಸ್ಸು, ಲೋಕಲ್ ರೈಲಿಗೆ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದೇ ಇರುತ್ತದೆ. ಹಾಗಾಗಿ ನನಗೆ ಈ ಕಾರ್ಡ್‌ನಿಂದ ಒಂದು ಪೈಸೆಯೂ ಉಳಿಯಲಿಲ್ಲ. ಉಳಿದದ್ದು ಅಪ್ಪ ಅಮ್ಮನಿಗೆ. ಊರಿಂದ ಎರಡು ತಿಂಗಳಿಗೆ ಬಂದವರಿಗೆ ಚಂದಾ ಟಿಕೆಟ್ ಮಾಡಿಸಿ, ಆಮೇಲೆ ದಿನಾಂಕ ನೋಡಿಕೊಂಡು ರದ್ದು ಮಾಡಿಸುವ ತಲೆನೋವು ಯಾರಿಗೆ ಬೇಕು?

ಇನ್ನು ಅಸಲಿ ಮಾತಿಗೆ ಬರೋಣ. ಈ ಕಾರ್ಡ್ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದು ಕಾರ್ಡಿನ ಕೈಯಲ್ಲಿಲ್ಲ, ಬೆಟ್ಟದ ಕೈಯಲ್ಲಿದೆ. ಇದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಮ್ಯಾಪಿನಲ್ಲಿ ಶ್ವಾರ್ಟ್ಸ್‌ವಾಲ್ಡ್ ಉತ್ತರದಿಂದ ದಕ್ಷಿಣಕ್ಕೆ ಮಲಗಿರುವ ಉದ್ದನೆಯ ಹಸಿರು ಪಟ್ಟಿ. ಉದ್ದ ಸುಮಾರು 150 ಕಿಲೋಮೀಟರ್. ಅಗಲ ಉತ್ತರದಲ್ಲಿ 30, ದಕ್ಷಿಣದಲ್ಲಿ 50ರ ಆಸುಪಾಸು. ಇಷ್ಟೇ ಅಲ್ವಾ, ಬೆಳಗ್ಗೆ ಈ ತುದಿ, ಸಂಜೆ ಆ ತುದಿ ಅಂದುಕೊಂಡಿದ್ದೆ. ಆದರೆ ಕಣಿವೆಗಳೆಲ್ಲ ಅಡ್ಡಡ್ಡಕ್ಕಿವೆ. ಕಿನ್ಸಿಗ್, ಎಲ್ಟ್ಸ್, ಡ್ರೈಸಮ್, ರೆಂಖ್, ಎಲ್ಲ ನದಿಗಳೂ ಮೇಲಿಂದ ಇಳಿದು ಪಶ್ಚಿಮದ ರೈನ್ ಬಯಲಿಗೆ ಓಡುತ್ತವೆ. ರೈಲು ರಸ್ತೆಗಳು ಅವುಗಳ ಬೆನ್ನು ಹಿಡಿದೇ ಮೇಲೆ ಬಂದಿವೆ. ಹಾಗಾಗಿ ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಬೇಕಾದರೆ, ನಡೆಯುವವರಿಗೆ ಗುಡ್ಡ ಹತ್ತಿ ಇಳಿದರೆ ಮುಗಿಯಿತು, ಬಸ್ಸು ರೈಲಿನವರು ಕೆಳಗಿನ ಬಯಲಿಗೆ ಬಂದು ಮತ್ತೆ ಹತ್ತಬೇಕು. ಮಹಡಿ ಮೇಲೆ ಹತ್ತು ರೂಮು ಇರುವ ಮನೆ, ಆದರೆ ಮೇಲೆ ಓಡಾಡಲು ಪಡಸಾಲೆಯೇ ಇಲ್ಲ, ಪ್ರತಿ ರೂಮಿಗೂ ಬೇರೆ ಬೇರೆ ಏಣಿ. ಪಕ್ಕದ ರೂಮಿಗೆ ಹೋಗಲೂ ಕೆಳಗಿಳಿದು ಬರಬೇಕು. ಈ ಏಣಿಗಳಿಗೆಲ್ಲ ಕಾರ್ಡ್ ನಡೆಯುತ್ತದೆ. ಇಳಿದು ಹತ್ತುವ ಹೊತ್ತು ಮಾತ್ರ ನಿಮ್ಮದು.

ನಾವು ಉಳಿದುಕೊಂಡಿದ್ದು ಟಿಟಿಸೇ ಅನ್ನೋ ಕೆರೆಯ ಹತ್ತಿರದ ಒಂದು ಹಳ್ಳಿಯ ಸಣ್ಣ ಗೆಸ್ಟ್‌ಹೌಸ್‌ನಲ್ಲಿ. ಅಲ್ಲಿಗೆ ಹೋಗಲು ಫ್ರೈಬುರ್ಗ್‌ನಿಂದ ಹತ್ತುವ ರೈಲಿದೆಯಲ್ಲ, ಹ್ಯೋಲೆನ್‌ಟಾಲ್ ರೈಲು, ಈ ಕಾರ್ಡಿನಲ್ಲಿ ಸಿಗುವ ಅತ್ಯಂತ ಒಳ್ಳೆಯ ಐಟಂ ಅದೇ. ಒಂದೇ ಸಲ ಹೋಗಿ ಬರುವಷ್ಟು ಟೈಮ್ ಇದ್ದರೂ ಸಾಕು, ಇದನ್ನು ಬಿಡಬೇಡಿ. ಫ್ರೈಬುರ್ಗ್ ಸ್ಟೇಷನ್ ಇರುವುದು ಸುಮಾರು 270 ಮೀಟರ್ ಎತ್ತರದಲ್ಲಿ. ಟಿಟಿಸೇ ಸ್ಟೇಷನ್ 858 ಮೀಟರ್. ಮೊದಲು ಹೊಲ, ಮೇವಿನ ಬಯಲು, ಜೋಳದ ಗದ್ದೆ. ಆಮೇಲೆ ಹಿಮ್ಮೆಲ್‌ರೈಖ್ ಅನ್ನೋ ಸ್ಟೇಷನ್ ಬರುತ್ತದೆ, ಅಂದರೆ ಸ್ವರ್ಗಲೋಕ. ಅದು ದಾಟಿದ ಕೂಡಲೇ ಹ್ಯೋಲೆನ್‌ಟಾಲ್, ಅಂದರೆ ನರಕದ ಕಣಿವೆ. ಸ್ವರ್ಗದ ಬಾಗಿಲಿನಿಂದ ನೇರ ನರಕಕ್ಕೆ ರೈಲು! ಅಮ್ಮನಿಗೆ ಹೇಳಿದೆ, 'ಹೆಸರಿಟ್ಟವನಿಗೆ ಬುದ್ಧಿ ಇದೆಯೇನೋ' ಅಂದರು. ಎರಡೂ ಕಡೆ ಬಂಡೆ ಒತ್ತಿಕೊಂಡು ಬರುತ್ತದೆ. ಹಿರ್ಷ್‌ಸ್ಪ್ರುಂಗ್ ಅನ್ನೋ ಜಾಗದಲ್ಲಿ ಬಂಡೆಯ ತುದಿಗೆ ಒಂದು ಲೋಹದ ಜಿಂಕೆ ನಿಲ್ಲಿಸಿದ್ದಾರೆ. ಬೇಟೆಗಾರನಿಂದ ತಪ್ಪಿಸಿಕೊಳ್ಳಲು ಜಿಂಕೆ ಈ ಬಂಡೆಯಿಂದ ಆ ಬಂಡೆಗೆ ಹಾರಿತು ಅಂತ ಕಥೆ. ಹತ್ತುವಾಗ ಬಲಗಡೆ ಕೂತು ಕಾದರೂ ನಮಗೆ ಅದು ಕಂಡದ್ದು ಇಳಿಯುವ ದಿನ, ಅದೂ ಒಂದು ಕ್ಷಣ. 1770ರಲ್ಲಿ ಮರೀ ಆಂತ್ವಾನೆತ್ ಮದುವೆಗೆ ಅಂತ ಆಸ್ಟ್ರಿಯಾದಿಂದ ಫ್ರಾನ್ಸ್‌ಗೆ ಹೋದದ್ದು ಇದೇ ಕಣಿವೆಯಲ್ಲಿ, ಅವಳ ಗಾಡಿಗಳಿಗಾಗಿ ರಸ್ತೆ ಅಗಲ ಮಾಡಿದರಂತೆ. ಆಮೇಲೆ ರೈಲು ಬಂದದ್ದು 1887ರಲ್ಲಿ. ಅತಿ ಕಡಿದಾದ ಕಡೆ 1000 ಮೀಟರ್ ಮುಂದೆ ಹೋದರೆ 57 ಮೀಟರ್ ಮೇಲೆ. ಹಾಗಾಗಿ 1933ರವರೆಗೂ ಆ ಭಾಗದಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ ಎಂಜಿನ್ನನ್ನು ಎಳೆಸುತ್ತಿದ್ದರು. ಈಗ ಮಾಮೂಲಿ ರೈಲೇ ಸಲೀಸಾಗಿ ಹತ್ತುತ್ತದೆ.

ಇಲ್ಲಿ ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಪ್ಪ ರೈಲ್ವೆ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದು ರಿಟೈರ್ ಆದವರು. ಜರ್ಮನಿಯ ಕೋಟೆ, ಚರ್ಚು ಯಾವುದಕ್ಕೂ ಅಲುಗಾಡದವರು ಈ ರೈಲಿನ ಕಥೆ ಹೇಳಿದಾಗ ಎದ್ದು ಕೂತರು. ಜರ್ಮನಿಯ ರೈಲುಗಳಿಗೆ ಮೊದಲಿಂದಲೂ ಬೇರೆಯದೇ ಫ್ರೀಕ್ವೆನ್ಸಿಯ ಕರೆಂಟು. ಮನೆಗೆ ಬರುವ 50 ಹರ್ಟ್ಸ್ ಕರೆಂಟನ್ನೇ ರೈಲಿಗೂ ಕೊಟ್ಟರೆ ಹೇಗೆ ಅಂತ 1936ರಲ್ಲಿ ಪ್ರಯೋಗ ಮಾಡಿದ್ದು ಈ ಕಡಿದಾದ ಹಳಿಯ ಮೇಲೆ, 20 ಸಾವಿರ ವೋಲ್ಟ್ ಇಟ್ಟು. ಯುದ್ಧ ಮುಗಿದ ಮೇಲೆ ಈ ಭಾಗ ಫ್ರೆಂಚರ ಕೈಗೆ ಬಂತು. ಅವರ ಎಂಜಿನಿಯರ್‌ಗಳು ಇದನ್ನು ನೋಡಿ ಕಲಿತು ತಮ್ಮ ದೇಶದಲ್ಲಿ 25 ಸಾವಿರ ವೋಲ್ಟಿನ ಪದ್ಧತಿ ಬೆಳೆಸಿದರು. 1950ರ ದಶಕದಲ್ಲಿ ಭಾರತೀಯ ರೈಲ್ವೆ ಒಪ್ಪಿಕೊಂಡದ್ದು ಅದನ್ನೇ. ಅಪ್ಪ ಸರ್ವೀಸಿನ ತುಂಬ ಕೆಲಸ ಮಾಡಿದ್ದು ಆ 25 ಕೆವಿ ತಂತಿಯ ಕೆಳಗೆ. ಈ ಹಳಿಯನ್ನೇ 1960ರಲ್ಲಿ ಜರ್ಮನ್ ಪದ್ಧತಿಗೆ ಬದಲಾಯಿಸಿಬಿಟ್ಟರು ಅಂದಾಗ ಮಾತ್ರ ಅಪ್ಪನಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಐದು ದಿನವೂ ಕಿಟಕಿಯ ಹತ್ತಿರ ಕೂತು ನೋಡಿದ್ದು ಕಾಡನ್ನಲ್ಲ, ಕಂಬವನ್ನು.

ಟಿಟಿಸೇ ಕೆರೆ ಚೆನ್ನಾಗಿದೆ, ಆದರೆ ದಡದ ಬೀದಿ ನನಗೆ ಹಿಡಿಸಲಿಲ್ಲ. ಕುಕ್ಕೂ ಗಡಿಯಾರದ ಅಂಗಡಿ, ಟೋಪಿ ಅಂಗಡಿ, ಮತ್ತೆ ಗಡಿಯಾರದ ಅಂಗಡಿ. ಅರ್ಧ ಗಂಟೆ ಸಾಕು. ಕೆರೆ ಆದದ್ದು ಹೇಗೆ ಅನ್ನುವುದು ಅಂಗಡಿಗಳಿಗಿಂತ ಎಷ್ಟೋ ವಾಸಿ. ಹಿಮಯುಗದಲ್ಲಿ ಫೆಲ್ಡ್‌ಬೆರ್ಗ್ ಬೆಟ್ಟದಿಂದ ಹಿಮನದಿ ಇಲ್ಲಿಯವರೆಗೆ ಇಳಿದಿತ್ತು. ಅದು ತಳ್ಳಿಕೊಂಡು ಬಂದ ಕಲ್ಲುಮಣ್ಣು ಕೊನೆಯಲ್ಲಿ ಒಡ್ಡಿನ ಹಾಗೆ ನಿಂತಿತು, ಹಿಂದೆ ನೀರು ತುಂಬಿತು. ಮೇಲೆ ಫೆಲ್ಡ್‌ಸೇ ಅಂತ ಇನ್ನೊಂದು ಗುಂಡಗಿನ ಕೆರೆ ಇದೆ, 1100 ಮೀಟರಿನ ಮೇಲೆ, ಮೂರು ಕಡೆ ಕಡಿದಾದ ಗೋಡೆ. ಐಸ್‌ಕ್ರೀಮ್ ಚಮಚದಲ್ಲಿ ಬೆಟ್ಟವನ್ನು ಕೆರೆದು ತೆಗೆದ ಹಾಗೆ. ಅಲ್ಲಿ ಅಂಗಡಿ ಇಲ್ಲ, ಈಜು ಕೂಡ ಇಲ್ಲ, ನೀರಿನ ತಳದಲ್ಲಿ ಬೆಳೆಯುವ ಅಪರೂಪದ ಗಿಡಕ್ಕೆ ತೊಂದರೆ ಆಗಬಾರದು ಅಂತ. ನನ್ನ ಮಟ್ಟಿಗೆ ಇಡೀ ಪ್ರವಾಸದ ಅತ್ಯಂತ ಒಳ್ಳೆಯ ಒಂದು ಗಂಟೆ ಅಲ್ಲೇ ಕಳೆಯಿತು.

ಫೆಲ್ಡ್‌ಬೆರ್ಗ್ 1493 ಮೀಟರ್. ಆಲ್ಪ್ಸ್ ಬಿಟ್ಟರೆ ಜರ್ಮನಿಯಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಟಿಟಿಸೇಯಿಂದ ಒಂದು ಪುಟ್ಟ ಕವಲು ರೈಲು ಹೋಗುತ್ತದೆ, ಅದರಲ್ಲಿ ಫೆಲ್ಡ್‌ಬೆರ್ಗ್-ಬೇರೆನ್‌ಟಾಲ್ ಸ್ಟೇಷನ್ 967 ಮೀಟರ್ ಎತ್ತರದಲ್ಲಿದೆ. ಜರ್ಮನ್ ರೈಲ್ವೆಯ ಮಾಮೂಲಿ ಅಗಲದ ಹಳಿಯಲ್ಲಿ ಅದಕ್ಕಿಂತ ಎತ್ತರದ ಸ್ಟೇಷನ್ ಇಲ್ಲ. ಅಪ್ಪ ಬೋರ್ಡಿನ ಜೊತೆ ಫೋಟೋ ತೆಗೆಸಿಕೊಂಡರು. ಅಲ್ಲಿಂದ ಬಸ್ಸು, ಅದಕ್ಕೂ ಕಾರ್ಡ್ ಸಾಕು. ಮೇಲಿನ ರೋಪ್‌ವೇಗೆ ದುಡ್ಡು ಕೊಡಬೇಕು. ಅಪ್ಪನ ಮಂಡಿಗಾಗಿ ಕೊಟ್ಟೆ, ನಾನು ನಡೆದೆ.

ತುದಿಗೆ ಹೋದರೆ ಆಶ್ಚರ್ಯ. ಕಪ್ಪು ಕಾಡಿನ ಅತಿ ಎತ್ತರದ ಜಾಗದಲ್ಲಿ ಕಾಡೇ ಇಲ್ಲ, ಬೋಳು ಹುಲ್ಲುಗಾವಲು. ಗಾಳಿ ಜೋರು, ಜೊತೆಗೆ ನೂರಾರು ವರ್ಷ ದನ ಮೇಯಿಸಿ ಮೇಯಿಸಿ ಹೀಗಾಗಿದೆ. ನಮ್ಮ ಕುದುರೆಮುಖದ ಹುಲ್ಲುಗಾವಲು ನೋಡಿದವರಿಗೆ ಮರ ಇಲ್ಲದ ಬೆಟ್ಟದ ನೆತ್ತಿ ಹೊಸದಲ್ಲ, ಆದರೂ ಹೆಸರಿಗೂ ನೋಟಕ್ಕೂ ತಾಳೆಯಾಗದೆ ಸ್ವಲ್ಪ ಹೊತ್ತು ತಬ್ಬಿಬ್ಬಾದೆ. ಈ ಕಡೆ ಹಿಂಟರ್‌ವೆಲ್ಡರ್ ಅಂತ ಒಂದು ತಳಿಯ ದನ ಇವೆ, ಜರ್ಮನಿಯಲ್ಲೇ ಅತಿ ಗಿಡ್ಡ. ಕಡಿದಾದ ಇಳಿಜಾರಿನಲ್ಲಿ ದೊಡ್ಡ ದನ ಜಾರುತ್ತವೆ, ಇವು ನಿಲ್ಲುತ್ತವೆ. 'ನಮ್ಮ ಮಲೆನಾಡು ಗಿಡ್ಡದ ಹಾಗೇ' ಅಂತ ಅಮ್ಮ ಒಂದರ ಹತ್ತಿರ ಹೋಗಿ ಮಾತಾಡಿಸಿದರು, ಕನ್ನಡದಲ್ಲೇ. ಪಶ್ಚಿಮಕ್ಕೆ ನೋಡಿದರೆ ರೈನ್ ಬಯಲು, ಅದರಾಚೆ ಫ್ರಾನ್ಸಿನ ವೋಝ್ ಬೆಟ್ಟಗಳು. ಇವೆರಡೂ ಒಂದು ಕಾಲಕ್ಕೆ ಒಂದೇ ಆಗಿದ್ದವು. ಸುಮಾರು 5 ಕೋಟಿ ವರ್ಷದ ಹಿಂದೆ ನಡುವಿನ ನೆಲ ಕುಸಿಯಲು ಶುರುವಾಗಿ ಬಯಲಾಯಿತು, ಅಂಚುಗಳು ಎದ್ದು ಬೆಟ್ಟಗಳಾದವು. ಅದಕ್ಕೇ ಶ್ವಾರ್ಟ್ಸ್‌ವಾಲ್ಡ್‌ನ ಪಶ್ಚಿಮದ ಮುಖ ಗೋಡೆಯ ಹಾಗಿದೆ, ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತದೆ. ಎದುರಿನ ವೋಝ್‌ನಲ್ಲಿ ಇದೇ ಉಲ್ಟಾ.

ಅವತ್ತು ಸಂಜೆ ಎಡವಟ್ಟಾಯಿತು. ತಪ್ಪು ನನ್ನದೇ. ಬೆಟ್ಟದಾಚೆಯ ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಸಂಜೆ ಐದೂ ಚಿಲ್ಲರೆಯ ಬಸ್ಸಿಗೆ ವಾಪಸ್ ಬರುವುದು ಅಂತ ಲೆಕ್ಕ ಹಾಕಿದ್ದೆ. ಬಸ್ ಸ್ಟಾಪಿನಲ್ಲಿ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಆ ಬಸ್ಸಿನ ಮೇಲೆ ಇರುವೆ ಗಾತ್ರದ ಒಂದು ಅಕ್ಷರ ಇತ್ತು. ಶಾಲೆ ಇರುವ ದಿನ ಮಾತ್ರ ಅಂತ ಅದರ ಅರ್ಥ. ನಾವು ಹೋಗಿದ್ದು ಜೂನ್ ಮೊದಲ ವಾರ, ಪೆಂಟೆಕೋಸ್ಟ್ ಹಬ್ಬದ ರಜೆ, ಈ ರಾಜ್ಯದ ಶಾಲೆಗಳೆಲ್ಲ ಎರಡು ವಾರ ಬಂದ್. ಅಂದರೆ ಪ್ರವಾಸಿಗಳು ಜಾಸ್ತಿ ಇರುವ ವಾರದಲ್ಲೇ ಬಸ್ಸು ಕಡಿಮೆ. ಬರಬೇಕಾದ ಬಸ್ಸು ಬರಲಿಲ್ಲ, ಆಮೇಲಿನದ್ದು ಫೋನ್ ಮಾಡಿ ಕರೆಸುವ ಬಸ್ಸು, ಅದಕ್ಕೆ ಒಂದು ಗಂಟೆ ಮುಂಚೆಯೇ ಹೇಳಬೇಕಿತ್ತು. ಒಂದೂವರೆ ಗಂಟೆ ಸ್ಟಾಪಿನಲ್ಲೇ ಕೂತೆವು. ಅಮ್ಮ ಬ್ಯಾಗಿನಿಂದ ಪುಳಿಯೋಗರೆ ತೆಗೆದರು. ಅಪ್ಪ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಈ ಕಾಡಿನಲ್ಲಿ ಹಳ್ಳಿ ಬಸ್ಸುಗಳು ಓಡುವುದೇ ಶಾಲೆ ಮಕ್ಕಳ ಲೆಕ್ಕದಲ್ಲಿ, ನಿಮ್ಮ ಲೆಕ್ಕದಲ್ಲಿ ಅಲ್ಲ. ವಾಪಸ್ ಬರುವ ಬಸ್ಸನ್ನು ಮೊದಲು ನೋಡಿ, ಹೋಗುವ ಬಸ್ಸನ್ನು ಆಮೇಲೆ ನೋಡಿ.

ಮೂರನೇ ದಿನ ಟ್ರಿಬೆರ್ಗ್. ಟಿಟಿಸೇಯಿಂದ ಕಾಗೆ ಹಾರಿದರೆ 25 ಕಿಲೋಮೀಟರ್ ಅಷ್ಟೇ. ರೈಲಿನಲ್ಲಿ ಪೂರ್ವಕ್ಕೆ ಹೋಗಿ, ಡೊನಾವೆಶಿಂಗೆನ್, ಫಿಲಿಂಗೆನ್ ಸುತ್ತಿ, ಅಲ್ಲಿ ರೈಲು ಬದಲಾಯಿಸಿ, ಮತ್ತೆ ಪಶ್ಚಿಮಕ್ಕೆ ಬರಬೇಕು. ಒಂದೂವರೆ ಗಂಟೆಗೂ ಮೇಲಾಯಿತು. ಆದರೆ ಈ ಸುತ್ತು ಬೇಸರ ತರಲಿಲ್ಲ, ಯಾಕೆಂದರೆ ಪೂರ್ವದ ಕಡೆ ನೆಲವೇ ಬೇರೆ. ನರಕದ ಕಣಿವೆ ಎಲ್ಲೂ ಇಲ್ಲ. ಬೆಟ್ಟ ಅಂತ ಗೊತ್ತೇ ಆಗದ ಹಾಗೆ ಹೊಲಗಳಾಗಿ ಹರಡಿಕೊಳ್ಳುತ್ತದೆ.

ಟ್ರಿಬೆರ್ಗ್‌ನ ಜಲಪಾತ ಏಳು ಮೆಟ್ಟಿಲಲ್ಲಿ 163 ಮೀಟರ್ ಇಳಿಯುತ್ತದೆ. ಟಿಕೆಟ್ ಇದೆ. ಜೋಗ ನೋಡಿದವರು ನಗಬೇಡಿ, ಕಾಡಿನೊಳಗೆ ಪಕ್ಕದಲ್ಲೇ ಹತ್ತುವ ದಾರಿ ಚೆನ್ನಾಗಿದೆ, ಅಷ್ಟೇ. ಟ್ರಿಬೆರ್ಗ್‌ನಲ್ಲೊಂದು, ಪಕ್ಕದ ಶೋನಾಖ್‌ನಲ್ಲೊಂದು, ಮನೆ ಗಾತ್ರದ ಕುಕ್ಕೂ ಗಡಿಯಾರಗಳಿವೆ. ಒಂದಕ್ಕೊಂದು ಪೈಪೋಟಿ. ಎರಡನ್ನೂ ಬಿಡಬಹುದು. ಬಿಡಬಾರದ್ದು ಟ್ರಿಬೆರ್ಗ್‌ಗೆ ಬರುವ ರೈಲು. ಶ್ವಾರ್ಟ್ಸ್‌ವಾಲ್ಡ್ ರೈಲು ಅಂತಲೇ ಇದರ ಹೆಸರು, ರೋಬರ್ಟ್ ಗೆರ್ವಿಗ್ ಅನ್ನುವ ಎಂಜಿನಿಯರ್ ಕಟ್ಟಿಸಿದ್ದು, 1873ರಲ್ಲಿ ಪೂರ್ತಿ ತೆರೆಯಿತು. ಹ್ಯೋಲೆನ್‌ಟಾಲ್‌ನಲ್ಲಿ ಹಳಿಯನ್ನು ನೇರವಾಗಿ ಏರಿಸಿದರೆ, ಅದಕ್ಕಿಂತ ಮುಂಚೆಯೇ ಇಲ್ಲಿ ಇವನು ಬೇರೆ ಉಪಾಯ ಮಾಡಿದ್ದ. ಕಡಿದಾಗಿ ಹತ್ತುವ ಬದಲು ದಾರಿಯನ್ನೇ ಉದ್ದ ಮಾಡು ಅಂತ. ಹೋರ್ನ್‌ಬೆರ್ಗ್‌ನಿಂದ ಸಾಂಕ್ಟ್ ಗೆಯೋರ್ಗೆನ್‌ಗೆ ನೇರ 11 ಕಿಲೋಮೀಟರ್, ಹಳಿ ಓಡುವುದು ಅದರ ಎರಡು ಪಟ್ಟಿಗೂ ಜಾಸ್ತಿ. ಬೆಟ್ಟದೊಳಗೆ ಹೊಕ್ಕು ತಿರುಗಿ, ಹೊರಬಂದು, ಮತ್ತೆ ಹೊಕ್ಕು. ಅದೇ ಕಣಿವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲ ಸ್ವಲ್ಪ ಕೆಳಗೆ. ಇಡೀ ದಾರಿಯಲ್ಲಿ 39 ಸುರಂಗ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಇದೆ ಅಂತ ಅಪ್ಪ ತಕ್ಷಣ ಹೇಳಿದರು. ಲೆಕ್ಕದಲ್ಲಿ ನಾವು ಗೆದ್ದೆವು.

ಈ ಹಳಿಯ ಕೊನೆಯ ದೊಡ್ಡ ಸುರಂಗ ಸೊಮ್ಮೆರಾವ್. ಒಂದೂವರೆ ಕಿಲೋಮೀಟರಿಗೂ ಉದ್ದ. ಅದರ ಮೇಲೆ ಯುರೋಪಿನ ದೊಡ್ಡ ಜಲವಿಭಾಜಕ ಹಾದುಹೋಗುತ್ತದೆ. ಈ ಕಡೆ ಬಿದ್ದ ಮಳೆ ರೈನ್ ಸೇರಿ ಉತ್ತರ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. 'ಬಿಸಿಲೆ ಕಡೆ ರಿಡ್ಜ್ ಅಂತ ಕಲ್ಲು ನೆಟ್ಟಿದ್ದಾರಲ್ಲ, ಹಾಗಾದರೆ ಅದೇ' ಅಂದರು ಅಪ್ಪ. ಹೌದು, ಅದೇ. ಅಲ್ಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ಪಶ್ಚಿಮಕ್ಕೆ ಗೋಡೆ, ಪೂರ್ವಕ್ಕೆ ಇಳಿಜಾರು, ಪಶ್ಚಿಮದ ಮಗ್ಗುಲಲ್ಲೇ ಹುಟ್ಟಿ ಬೆನ್ನು ತಿರುಗಿಸಿ ಹೋಗುವ ನದಿ, ಎಲ್ಲ ನಮಗೆ ಗೊತ್ತಿರುವ ಲೆಕ್ಕವೇ.

ಡ್ಯಾನ್ಯೂಬ್ ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕೆ ಇಲ್ಲಿ ಊರೂರಿಗೂ ಜಗಳ. ಫುರ್ಟ್‌ವಾಂಗೆನ್ ಹತ್ತಿರ 1078 ಮೀಟರ್ ಎತ್ತರದಲ್ಲಿ ಬ್ರೆಗ್ ಹುಟ್ಟುತ್ತದೆ, ಸಾಂಕ್ಟ್ ಗೆಯೋರ್ಗೆನ್ ಹತ್ತಿರ ಬ್ರಿಗಾಖ್. ಎರಡೂ ಡೊನಾವೆಶಿಂಗೆನ್‌ನಲ್ಲಿ ಕೂಡಿ ಡ್ಯಾನ್ಯೂಬ್. ಸಮುದ್ರದಿಂದ ಅತಿ ದೂರ ಇರುವುದು ನಮ್ಮ ಬ್ರೆಗ್, ಹಾಗಾಗಿ ನಾವೇ ಮೂಲ ಅಂತ ಫುರ್ಟ್‌ವಾಂಗೆನ್‌ನವರು. ಹೆಸರು ಶುರುವಾಗುವುದು ನಮ್ಮಲ್ಲಿ, ನಾವೇ ಮೂಲ ಅಂತ ಡೊನಾವೆಶಿಂಗೆನ್‌ನವರು, ಅವರು ಅರಮನೆಯ ಪಕ್ಕ ಒಂದು ಚಿಲುಮೆಗೆ ಚಂದದ ಕಟ್ಟೆ ಕಟ್ಟಿ ಇಟ್ಟಿದ್ದಾರೆ. ನಾವು ರೈಲು ಬದಲಾಯಿಸುವ ಮಧ್ಯೆ ಅದನ್ನು ನೋಡಿಬಂದೆವು. ತಲಕಾವೇರಿಯ ಕುಂಡಿಕೆ ನೋಡಿದ ಅಮ್ಮ ಬಗ್ಗಿ ನಮಸ್ಕಾರ ಮಾಡಿದರು. ಮೂಲ ಯಾವುದು ಅಂತ ಕೇಳಲಿಲ್ಲ.

ಜಗಳ ಇಷ್ಟಕ್ಕೇ ಮುಗಿಯುವುದಿಲ್ಲ, ರೈನ್ ಈ ಡ್ಯಾನ್ಯೂಬನ್ನು ಕದಿಯುತ್ತಿದೆ. ಇದು ನನಗೆ ತುಂಬ ಹಿಡಿಸಿದ ವಿಷಯ. ಡೊನಾವೆಶಿಂಗೆನ್ ಇರುವುದು ಸುಮಾರು 680 ಮೀಟರ್ ಎತ್ತರದಲ್ಲಿ. ಡ್ಯಾನ್ಯೂಬ್‌ಗೆ ಅಲ್ಲಿಂದ ಕಪ್ಪು ಸಮುದ್ರಕ್ಕೆ ಸಾವಿರಾರು ಕಿಲೋಮೀಟರ್ ದಾರಿ, ಹಾಗಾಗಿ ಅದು ಆರಾಮಾಗಿ ಹೋಗುತ್ತದೆ. ರೈನ್ ಕಡೆಯ ಹಳ್ಳಗಳು ಹತ್ತಾರು ಕಿಲೋಮೀಟರಲ್ಲೇ ಅದಕ್ಕಿಂತ ಎಷ್ಟೋ ಕೆಳಗಿನ ಬಯಲಿಗೆ ಧುಮುಕಬೇಕು. ಅವಕ್ಕೆ ರಭಸ ಜಾಸ್ತಿ. ನೆಲವನ್ನು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಬರುತ್ತವೆ. ಫೆಲ್ಡ್‌ಬೆರ್ಗ್, ಟಿಟಿಸೇ ನೀರೆಲ್ಲ ಒಂದು ಕಾಲಕ್ಕೆ ಡ್ಯಾನ್ಯೂಬ್‌ಗೇ ಹೋಗುತ್ತಿತ್ತು. ಹಿಮಯುಗದ ಕೊನೆಯ ಹೊತ್ತಿಗೆ ಬ್ಲುಂಬೆರ್ಗ್ ಹತ್ತಿರ ರೈನ್ ಕಡೆಯ ಒಂದು ಹಳ್ಳ ಅದನ್ನು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿತು. ಆ ತಿರುಗಿದ ನದಿ ವುಟಾಖ್. ತಿರುಗಿದ ಮೇಲೆ ಅದು ಸಿಟ್ಟಿನಿಂದ ಕೊರೆದ ಕಮರಿಯಲ್ಲಿ ಇವತ್ತು ಜನ ನಡೆಯಲು ಹೋಗುತ್ತಾರೆ, ಒಂದೇ ದಾರಿಯಲ್ಲಿ ಗ್ರಾನೈಟ್, ಮರಳುಗಲ್ಲು, ಸುಣ್ಣಕಲ್ಲು ಒಂದರ ಮೇಲೊಂದು ಕಾಣುತ್ತದೆ. ಅಷ್ಟಕ್ಕೇ ಬಿಟ್ಟಿಲ್ಲ. ಕಾಡು ದಾಟಿದ ಮೇಲೆ ಇಮ್ಮೆಂಡಿಂಗೆನ್ ಹತ್ತಿರ ಡ್ಯಾನ್ಯೂಬ್ ಬೇಸಿಗೆಯಲ್ಲಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿ ಮಾಯವಾಗುತ್ತದೆ. 1877ರಲ್ಲಿ ಬಣ್ಣ, ಉಪ್ಪು ಎಲ್ಲ ಸುರಿದು ನೋಡಿದಾಗ ಅದು ಆಖ್ ಅನ್ನೋ ಊರಿನ ಬುಗ್ಗೆಯಲ್ಲಿ ಎದ್ದುಬಂತು. ಆ ನೀರು ಸೇರುವುದು ಮತ್ತೆ ರೈನ್‌ಗೇ.

ಗುಟಾಖ್‌ನ ಬಯಲು ಮ್ಯೂಸಿಯಂಗೆ ಒಂದು ಅರ್ಧ ದಿನ ಇಡಿ. ಹಳೆಯ ರೈತರ ಮನೆಗಳನ್ನು ಬೇರೆ ಬೇರೆ ಕಣಿವೆಯಿಂದ ಬಿಚ್ಚಿ ತಂದು ಜೋಡಿಸಿದ್ದಾರೆ. ಮೂಲದ ಫೋಗ್ಟ್ಸ್‌ಬವರ್ನ್‌ಹೋಫ್ ಮಾತ್ರ 1612ರಿಂದ ಇದ್ದಲ್ಲೇ ಇದೆ. ನೆಲ ಮುಟ್ಟುವಂಥ ದೊಡ್ಡ ಮಾಡು, ಅದರ ಕೆಳಗೆ ಜನ, ದನ, ಹುಲ್ಲು ಎಲ್ಲ ಒಟ್ಟಿಗೆ. ಗುಡ್ಡಕ್ಕೆ ಒರಗಿಸಿ ಕಟ್ಟುವುದರಿಂದ ಹಿಂದಿನಿಂದ ಹುಲ್ಲಿನ ಗಾಡಿ ನೇರವಾಗಿ ಅಟ್ಟಕ್ಕೇ ಹೋಗುತ್ತದೆ. 'ಕೊಟ್ಟಿಗೆ ಒಳಗೇ ಇಟ್ಟುಕೊಂಡಿದ್ದಾರಲ್ಲೋ' ಅಂದರು ಅಮ್ಮ. ಚಳಿಗೆ ದನಗಳ ಬಿಸಿಯೇ ಮನೆಗೆ ಹೀಟರು. ಈ ಭಾಗದಲ್ಲಿ ಜಮೀನು ಪಾಲಾಗದೆ ಒಬ್ಬ ಮಗನಿಗೇ ಹೋಗುತ್ತಿತ್ತು, ಉಳಿದವರು ಹೊಟ್ಟೆಪಾಡಿಗೆ ಏನಾದರೂ ಮಾಡಬೇಕು, ಮೇಲಾಗಿ ತಿಂಗಳುಗಟ್ಟಲೆ ಹಿಮ. ಗಡಿಯಾರ ಮಾಡುವ ಕಸುಬು ಬೆಳೆದದ್ದು ಹಾಗೆ. ರೈಲು ಕಟ್ಟಿಸಿದ ಗೆರ್ವಿಗ್ಗೇ 1850ರಲ್ಲಿ ಫುರ್ಟ್‌ವಾಂಗೆನ್‌ನ ಗಡಿಯಾರ ಶಾಲೆಗೆ ಮೊದಲ ಮುಖ್ಯಸ್ಥ. ಕೆಂಪು ಉಣ್ಣೆಯ ಉಂಡೆಗಳ ಟೋಪಿ ಹಾಕಿದ ಹುಡುಗಿಯ ಚಿತ್ರ ಎಲ್ಲ ಕಡೆ ಕಾಣುತ್ತದಲ್ಲ, ಇಡೀ ಕಾಡಿನ ಗುರುತು ಅನ್ನುವ ಹಾಗೆ? ಅದು ಗುಟಾಖ್, ಕಿರ್ನ್‌ಬಾಖ್, ರೈಖೆನ್‌ಬಾಖ್ ಅನ್ನೋ ಮೂರೇ ಹಳ್ಳಿಗಳ ಉಡುಗೆ. ಮದುವೆ ಆಗದವರಿಗೆ ಕೆಂಪು, ಆದವರಿಗೆ ಕಪ್ಪು.

ನಾಲ್ಕನೇ ದಿನ ಅಪ್ಪ ಅಮ್ಮ ರೆಸ್ಟ್ ಅಂದರು, ನಾನೊಬ್ಬನೇ ಉತ್ತರದ ಭಾಗಕ್ಕೆ ಹೋದೆ. ಇದನ್ನು ನೀವು ಮಾಡಬೇಡಿ. ಫ್ರೈಬುರ್ಗ್‌ಗೆ ಇಳಿ, ಬಯಲಿನಲ್ಲಿ ಆಖೆರ್ನ್‌ವರೆಗೆ ಹೋಗು, ಅಲ್ಲಿಂದ ಬಸ್ಸು ಹಿಡಿದು ಮುಮ್ಮೆಲ್‌ಸೇ ಕೆರೆಗೆ ಹತ್ತು. ಮೂರು ಗಂಟೆ ಹತ್ತಿರ ಆಯಿತು. ಅಲ್ಲಿ ನೆಲ ಬೇರೆ. ದಕ್ಷಿಣದಲ್ಲಿ ಗ್ರಾನೈಟ್, ನೈಸ್ (gneiss) ಅನ್ನೋ ಗಟ್ಟಿ ಕಲ್ಲು. ಇಲ್ಲಿ ಕೆಂಪು ಮರಳುಗಲ್ಲು, ಫ್ರೈಬುರ್ಗ್‌ನ ದೊಡ್ಡ ಚರ್ಚು ಕಟ್ಟಿದ ಜಾತಿಯ ಕಲ್ಲು. ಕಟ್ಟಡಕ್ಕೆ ಚೆಂದ, ಬೇಸಾಯಕ್ಕೆ ದಂಡ. ಅದಕ್ಕೇ ಇಲ್ಲಿ ಊರು ಕಡಿಮೆ, ಕಾಡು ಜಾಸ್ತಿ, ಹೆಸರಿಗೆ ತಕ್ಕ ಕಪ್ಪು ಇಲ್ಲಿದೆ. ಅಟ್ಲಾಂಟಿಕ್ ಕಡೆಯ ಮೋಡ ಬಯಲು ದಾಟಿ ಬಂದು ಮೊದಲು ಡಿಕ್ಕಿ ಹೊಡೆಯುವುದು ಹೋರ್ನಿಸ್‌ಗ್ರಿಂಡೆ ಬೆಟ್ಟಕ್ಕೆ, ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಅಲ್ಲಿಯ ಒಬ್ಬರು ಇದನ್ನು ಹೆದರಿಸುವ ದನಿಯಲ್ಲಿ ಹೇಳಿದರು. ಆಗುಂಬೆಯಲ್ಲಿ 7000ಕ್ಕೂ ಜಾಸ್ತಿ ಅಂದೆ. ನಂಬಲಿಲ್ಲ.

ಈಗ ಕಾಣುವ ಸ್ಪ್ರೂಸ್ ಮರಗಳು ಇಲ್ಲಿನ ಹಳೆಯ ಕಾಡಲ್ಲ ಅನ್ನುವುದು ನನಗೆ ಹೊಸ ವಿಷಯ. ಮೊದಲಿದ್ದದ್ದು ಬೀಚ್ ಮತ್ತು ಫರ್. ಉದ್ದನೆಯ ಫರ್ ಮರಗಳನ್ನು ಕಡಿದು, ಅರ್ಧ ಕಿಲೋಮೀಟರ್ ಉದ್ದದ ತೆಪ್ಪ ಕಟ್ಟಿ, ಕಿನ್ಸಿಗ್, ಮುರ್ಗ್ ನದಿಗಳಲ್ಲಿ ತೇಲಿಸಿ, ರೈನ್ ಮೂಲಕ ಡಚ್ಚರ ಹಡಗು ಕಟ್ಟೆಗಳಿಗೆ ಮಾರಿದರು. ಗಾಜಿನ ಕುಲುಮೆ, ಇದ್ದಿಲು ಬೇರೆ. ಬೆಟ್ಟ ಬೋಳಾದ ಮೇಲೆ ಬೇಗ ಬೆಳೆಯುತ್ತದೆ ಅಂತ ಸಾಲಾಗಿ ಸ್ಪ್ರೂಸ್ ನೆಟ್ಟರು. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. 1999ರ ಡಿಸೆಂಬರ್ 26ರಂದು ಲೋಥಾರ್ ಬಿರುಗಾಳಿ ಬಂದಾಗ ಇಲ್ಲಿ ಗುಡ್ಡ ಗುಡ್ಡಗಳೇ ಮಲಗಿದವು. ಒಂದು ಜಾಗವನ್ನು ಮಾತ್ರ ಹಾಗೆಯೇ ಬಿಟ್ಟು, 2003ರಲ್ಲಿ ಅದರ ಮೇಲೆ ಮರದ ಸೇತುವೆ, ಏಣಿ ಹಾಕಿ ದಾರಿ ಮಾಡಿದ್ದಾರೆ, ಲೋಥಾರ್ ದಾರಿ ಅಂತ. ಕೊಳೆತ ದಿಮ್ಮಿಗಳ ಮಧ್ಯೆ ತಾನೇ ಹುಟ್ಟಿದ ಮರಗಳು ಈಗ ನನಗಿಂತ ಎಷ್ಟೋ ಎತ್ತರ. 2014ರಲ್ಲಿ ಈ ಭಾಗದ ಸುಮಾರು 100 ಚದರ ಕಿಲೋಮೀಟರ್ ನ್ಯಾಷನಲ್ ಪಾರ್ಕ್ ಆಯಿತು. ಮರದ ಮಿಲ್ಲುಗಳನ್ನು ನಂಬಿದ್ದ ಊರಿನವರಿಂದ ಆಗ ಜೋರು ವಿರೋಧ ಇತ್ತು. ದಾರಿ ಬರೀ 800 ಮೀಟರ್, ನಾನು ಒಂದೂವರೆ ಗಂಟೆ ಇದ್ದೆ. ವಾಪಸ್ ಬರುವಾಗ ರಾತ್ರಿ ಒಂಬತ್ತು.

ಸರಿ, ಕಾರ್ಡಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಬೆಟ್ಟದ ಲೆಕ್ಕಕ್ಕೆ, ಕಾರ್ಡಿನ ಲೆಕ್ಕಕ್ಕೆ ಅಲ್ಲ. ನಮ್ಮ ಗೆಸ್ಟ್‌ಹೌಸ್‌ಗೆ ಮಾತ್ರ ಎರಡೇ. ಬಂದ ದಿನ ಕಾರ್ಡ್ ಕೇಳಿದರೆ ಪ್ರಿಂಟರ್ ಸರಿಯಿಲ್ಲ ಅಂದರು, ಮಾರನೇ ದಿನ ಕೊಟ್ಟಾಗ ಅಮ್ಮನ ಹೆಸರು ತಪ್ಪು, ಮತ್ತೆ ಮಾಡಿಸುವಷ್ಟರಲ್ಲಿ ಒಂಬತ್ತರ ರೈಲು ಹೋಯಿತು. ನೀವು ರೂಮು ಬುಕ್ ಮಾಡುವಾಗಲೇ ಕೊನುಸ್ ಇದೆಯಾ ಅಂತ ಬರೆದು ಕೇಳಿ, ಬಂದ ಕೂಡಲೇ ಚೀಲ ಇಳಿಸುವ ಮೊದಲು ಕಾರ್ಡ್ ಇಸಿದುಕೊಳ್ಳಿ. ದಕ್ಷಿಣ ನೋಡುವವರು ಟಿಟಿಸೇ ಕಡೆ ಇರಿ, ನಡುಭಾಗಕ್ಕೆ ಹೌಸಾಖ್ ಅಥವಾ ಟ್ರಿಬೆರ್ಗ್, ಉತ್ತರಕ್ಕೆ ಬೈಯರ್ಸ್‌ಬ್ರೋನ್ ಕಡೆ. ಮೂರನ್ನೂ ಒಂದೇ ರೂಮಿನಿಂದ ನೋಡುತ್ತೇನೆ ಅಂತ ಹಟ ಮಾಡಬೇಡಿ, ಎರಡು ಕಡೆ ರೂಮು ಮಾಡಿದರೂ ಕಾರ್ಡ್ ಎರಡೂ ಕಡೆ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು: ಈ ಕಡೆ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುವುದುಂಟು, ಕೇಳದೆ ತಿನ್ನಬೇಡಿ. ಕೇಕಿನಲ್ಲಿ ಚೆರ್ರಿ ಸಾರಾಯಿ ಇರುತ್ತದೆ, ಘಾಟು ಮೂಗಿಗೇ ಬಡಿಯುವಷ್ಟು. ಅಮ್ಮ ಒಂದು ಚಮಚ ಬಾಯಿಗಿಟ್ಟು ತಟ್ಟೆಯನ್ನು ಅಪ್ಪನ ಕಡೆ ತಳ್ಳಿದರು. ಅಪ್ಪ ಏನೂ ಹೇಳದೆ ಪೂರ್ತಿ ಮುಗಿಸಿ, ಇನ್ನೊಂದು ಹೇಳಲಾ ಅಂತ ನನ್ನ ಮುಖ ನೋಡಿದರು.